ಹಗ್ಗದಲ್ಲಿ ಮರ ಹತ್ತುವವರಿಗೆ: ಇಳಿಯುವ ದಾರಿಯಿಂದ ಶುರುಮಾಡಿ

ಬ್ಯಾಗಿನ ತುಂಬ ಹೊಸ ಸಾಮಾನು, ಕೈಯಲ್ಲಿ ಹೊಳೆಯುವ ಎರಡು ಜುಮಾರ್ (ಹಗ್ಗ ಕಚ್ಚಿ ಹಿಡಿದು ಮೇಲೇರಿಸುವ ಹಿಡಿಕೆ), ಐದೇ ನಿಮಿಷಕ್ಕೆ ಇಪ್ಪತ್ತು ಅಡಿ ಎತ್ತರ. ಅಲ್ಲಿಂದ ಕೆಳಗೆ ನೋಡಿ ಒಂದು ಪ್ರಶ್ನೆ: "ಸಾರ್, ಈಗ ಇಳಿಯೋದು ಹೇಗೆ?" ಬೆಂಗಳೂರಿನ ಕನಕಪುರ ರಸ್ತೆಯಾಚೆ ಪರಿಚಿತರೊಬ್ಬರ ಮಾವಿನ ತೋಪಿನಲ್ಲಿ ನಾವು ಭಾನುವಾರ ಅಭ್ಯಾಸ ಮಾಡುತ್ತೇವೆ. ಹೊಸಬರ ಬಾಯಲ್ಲಿ ಈ ಮಾತು ಕೇಳದ ತಿಂಗಳಿಲ್ಲ. ಬೀಜ ಕೂಡಿಸುವವರು, ಹಕ್ಕಿಗೂಡು ಗಮನಿಸುವವರು, ತುರಹಳ್ಳಿಯ ಬಂಡೆ ಹತ್ತಿ ಕೈ ಪಳಗಿದವರು, ಎಲ್ಲರೂ ಎಡವುವುದು ಇದೇ ಜಾಗದಲ್ಲಿ.

ಕಾರಣ ಸರಳ. ಜುಮಾರ್ ಹಗ್ಗದ ಮೇಲೆ ಮೇಲಕ್ಕೆ ಜಾರುತ್ತದೆ, ಕೆಳಕ್ಕೆ ಕಚ್ಚುತ್ತದೆ. ನಿಮ್ಮ ಭಾರ ಅದರ ಮೇಲಿರುವಷ್ಟು ಹೊತ್ತು ಅದರ ಬಾಯಿ ತೆರೆಯುವುದಿಲ್ಲ. ಹತ್ತುವ ಸಾಮಾನು ಕೊಂಡವರು ಇಳಿಯುವ ಸಾಮಾನಿನ ಬಗ್ಗೆ ಯೋಚಿಸಿರುವುದಿಲ್ಲ. ಹಾಗಾಗಿ ಇಲ್ಲಿ ಪ್ರತಿ ಪದ್ಧತಿಯನ್ನೂ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಮೇಲೆ ಸುಸ್ತಾದಾಗ, ಜೇನು ಎದ್ದಾಗ, ಮಳೆ ಬಂದಾಗ ಎಷ್ಟು ಬೇಗ ಕೆಳಗಿಳಿಯಬಹುದು?

ಓದಿ ಮುಗಿಸಿ ನೇರ ಮರಕ್ಕೆ ಹೋಗಬೇಡಿ. ಮೊದಲ ಹಲವು ಸಲ ಗೊತ್ತಿದ್ದವರು ಪಕ್ಕದಲ್ಲಿರಬೇಕು. ಒಬ್ಬರೇ ಹತ್ತುವುದಂತೂ ಎಂದಿಗೂ ಬೇಡ.

ಹಂತ 1: ಪದ್ಧತಿ ಆರಿಸಿಕೊಳ್ಳಿ

ಜೋಡಿ ಹಗ್ಗ

ಹಗ್ಗ ಒಂದು ಕವಲಿನ ಮೇಲೆ ಹಾದು ಎರಡೂ ಕಡೆ ಕೆಳಗಿಳಿದಿರುತ್ತದೆ. ಒಂದು ತುದಿ ನಿಮ್ಮ ಸೊಂಟ-ತೊಡೆಗೆ ಬಿಗಿಯುವ ಹಾರ್ನೆಸ್‌ಗೆ ಕಟ್ಟಿರುತ್ತದೆ. ಇನ್ನೊಂದು ಎಳೆಯ ಮೇಲೆ ನಿಮ್ಮ ಹಿಡಿಗಂಟು, ಅಂದರೆ ಭಾರ ಬಿದ್ದಾಗ ಹಗ್ಗವನ್ನು ಬಿಗಿದು ಹಿಡಿಯುವ ಗಂಟು, ಇರುತ್ತದೆ. ನೀವು ಎಳೆದಂತೆ ಹಗ್ಗವೇ ಕವಲಿನ ಮೇಲೆ ಸರಿಯುತ್ತದೆ. ಲೆಕ್ಕದ ಪ್ರಕಾರ ಕೈಗೆ ಬೀಳುವುದು ಮೈಭಾರದ ಅರ್ಧ ಮಾತ್ರ, ಆದರೆ 1 ಮೀಟರ್ ಏರಲು 2 ಮೀಟರ್ ಹಗ್ಗ ಎಳೆಯಬೇಕು. ಹಗ್ಗ ಬರಿಯ ತೊಗಟೆಯ ಮೇಲೆ ಉಜ್ಜಿದರೆ ಆ ಅರ್ಧದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಮಾವಿನ ಒರಟು ಕವಲಿನಲ್ಲಿ ನಾಲ್ಕು ಮೀಟರ್ ಏರುವಷ್ಟರಲ್ಲಿ ತೋಳು ಬಿದ್ದುಹೋಗುತ್ತದೆ. ಮರದ ತೊಗಟೆಯೂ ಸುಲಿಯುತ್ತದೆ. ಎರಡು ಉಂಗುರಗಳಿರುವ ಫ್ರಿಕ್ಷನ್ ಸೇವರ್ ಪಟ್ಟಿಯನ್ನು ಕವಲಿಗೆ ಹಾಕಿ ಅದರೊಳಗೆ ಹಗ್ಗ ಓಡಿಸಿದರೆ ಎರಡೂ ತಾಪತ್ರಯ ತಪ್ಪುತ್ತವೆ.

ಇಳಿಯುವಾಗ ಇದರಷ್ಟು ನೆಮ್ಮದಿಯ ಪದ್ಧತಿ ಇನ್ನೊಂದಿಲ್ಲ. ಹತ್ತಿದ ಗಂಟನ್ನೇ ಮೇಲಿನಿಂದ ಮೆಲ್ಲಗೆ ಒತ್ತಿದರೆ ಇಳಿಯುತ್ತೀರಿ, ಕೈ ಬಿಟ್ಟರೆ ನಿಲ್ಲುತ್ತೀರಿ. ಏನನ್ನೂ ಬಿಚ್ಚಿ ಬದಲಿಸಬೇಕಿಲ್ಲ. ನಿಮ್ಮ ಭಾರ ಎರಡು ಎಳೆಗಳಲ್ಲಿ ಹಂಚಿಹೋಗುವುದರಿಂದ ಗಂಟು ಅಷ್ಟಾಗಿ ಬಿಗಿದುಕೊಳ್ಳುವುದೂ ಇಲ್ಲ.

ಒಂಟಿ ಹಗ್ಗ

ಇಲ್ಲಿ ಹಗ್ಗದ ಒಂದು ತುದಿ ಗಟ್ಟಿಯಾಗಿ ಕಟ್ಟಿರುತ್ತದೆ; ಹಗ್ಗ ಅಲುಗುವುದಿಲ್ಲ, ನೀವು ಅದರ ಮೇಲೆ ಏರುತ್ತೀರಿ. ದುಡಿಯುವುದು ತೋಳಲ್ಲ, ಕಾಲು. ನಡುವೆ ನಾಲ್ಕು ಕೊಂಬೆ ಸಿಕ್ಕರೂ ಚಿಂತೆಯಿಲ್ಲ.

ಇದರಲ್ಲಿ ಎರಡು ಬಗೆ. ಕಪ್ಪೆಯಂತೆ ಕೂತು ಎದ್ದು ಏರುವ ಫ್ರಾಗ್ ಪದ್ಧತಿಯಲ್ಲಿ ಎದೆಯ ಬಳಿ ಒಂದು ಕ್ಲ್ಯಾಂಪ್, ಕೈಯಲ್ಲಿ ಕಾಲುಕುಣಿಕೆ ಕಟ್ಟಿದ ಒಂದು ಜುಮಾರ್ ಇರುತ್ತದೆ. ರೋಪ್ ವಾಕರ್‌ನಲ್ಲಿ ಒಂದು ಪಾದಕ್ಕೆ, ಇನ್ನೊಂದು ಮೊಣಕಾಲಿಗೆ ಅಸೆಂಡರ್ (ಜುಮಾರ್ ಥರವೇ ಮೇಲಕ್ಕೆ ಮಾತ್ರ ಜಾರುವ ಸಾಧನ). ಮೆಟ್ಟಿಲು ಹತ್ತಿದ ಹಾಗೆ ಏರಬಹುದು. ಎತ್ತರದ ಮಳೆಮರಕ್ಕೆ ಇದಕ್ಕಿಂತ ಸಲೀಸಾದ ದಾರಿ ನನಗೆ ಗೊತ್ತಿಲ್ಲ.

ತೊಡಕಿರುವುದು ಇಳಿಯುವುದರಲ್ಲಿ. ಒಂಟಿ ಹಗ್ಗದಲ್ಲಿ ಇಡೀ ಮೈಭಾರ ಒಂದೇ ಗಂಟಿನ ಮೇಲೆ ಬೀಳುತ್ತದೆ. ಬ್ಲೇಕ್ಸ್ ಹಿಚ್ ಅಥವಾ ಪ್ರುಸಿಕ್ ಎಂಬ ಹಿಡಿಗಂಟು ಒಂದನ್ನೇ ನಂಬಿದರೆ ಅದು ಕಲ್ಲಿನಂತೆ ಬಿಗಿಯುತ್ತದೆ. ಜೋರಾಗಿ ಒತ್ತಿದರೆ ಒಮ್ಮೆಲೇ ಜಾರಿ ಬಿಸಿಯೇರುತ್ತದೆ. ಹಾಗಾಗಿ ಗಂಟಿನ ಮೇಲ್ಗಡೆ ರೋಪ್ ರೆಂಚ್ ಎಂಬ, ಹಗ್ಗವನ್ನು ಉಜ್ಜಿ ತಡೆಯುವ ಸಾಧನ ಕೂರಿಸಿ ಭಾರದ ಒಂದು ಪಾಲನ್ನು ಅದಕ್ಕೆ ಹೊರಿಸಬೇಕು, ಇಲ್ಲವೇ ಪೆಟ್ಜಲ್ ರಿಗ್‌ನಂಥ ತಾನೇ ಹಿಡಿಯುವ ಡಿಸೆಂಡರ್ (ಹಗ್ಗದಲ್ಲಿ ಇಳಿಯುವ ಸಾಧನ) ಬೇಕು. ಐಟಿ ಪಾರ್ಕ್‌ಗಳ ಗಾಜು ಒರೆಸುವ ಹುಡುಗರ ಸೊಂಟದಲ್ಲಿ ನೇತಾಡುವುದು ಇಂಥದ್ದೇ. ರೋಪ್ ಆಕ್ಸೆಸ್ (ಹಗ್ಗದಲ್ಲಿ ನೇತಾಡಿ ಮಾಡುವ ಕೆಲಸ) ನಿಯಮದಂತೆ ಅವರಿಗೆ ಎರಡನೇ ಹಗ್ಗವೂ ಇರಬೇಕು. ಮರ ಹತ್ತುವವರು ಆ ಅರ್ಧವನ್ನು ನೋಡಿ ಕಲಿಯುವುದೇ ಇಲ್ಲ.

ಫುಟ್‌ಲಾಕ್ ಮತ್ತು ಮುಳ್ಳುಬೂಟು

ಪಾದಗಳ ನಡುವೆ ಹಗ್ಗ ಸುತ್ತಿ ಒತ್ತಿ ನಿಂತು ಏರುವುದು ಫುಟ್‌ಲಾಕ್. ಅಡಿಕೆ ಮರಕ್ಕೆ ತಳೆ ಹಾಕಿ ಏರುವವರನ್ನು ಕಂಡಿದ್ದರೆ ಪಾದದ ಕೆಲಸ ಅರ್ಧ ಅರ್ಥವಾದಂತೆ. ಖರ್ಚು ಕಡಿಮೆ, ಕಲಿಯಲು ತಿಂಗಳುಗಳು ಬೇಕು. ಇದರ ಜೊತೆ ಕಟ್ಟುವ ಪ್ರುಸಿಕ್ ಬಿದ್ದಾಗ ಹಿಡಿಯಲಿಕ್ಕೆ ಮಾತ್ರ, ಅದರ ಮೇಲೆ ಜಾರಿ ಇಳಿಯಲಿಕ್ಕಲ್ಲ.

ಮುಳ್ಳುಬೂಟು ಕಡಿಯಲೇಬೇಕಾದ ಮರಕ್ಕೆ ಮಾತ್ರ. ಉಳಿಯಬೇಕಾದ ಮರಕ್ಕೆ ಅದು ಮಾಡುವ ಒಂದೊಂದು ತೂತೂ ಕೊಳೆರೋಗಕ್ಕೆ ಬಾಗಿಲು.

ನನ್ನ ತೀರ್ಮಾನ ಇಷ್ಟು: 10 ಮೀಟರ್ ಒಳಗಿನ ಮರಕ್ಕೆ, ಮೊದಲ ವರ್ಷ ಪೂರ್ತಿ, ಜೋಡಿ ಹಗ್ಗ. ಆಮೇಲೆ ಡಿಸೆಂಡರ್ ಸಹಿತ ಫ್ರಾಗ್. ರೋಪ್ ವಾಕರ್ ಕೊನೆಗೆ. ವಿಡಿಯೊ ನೋಡಿ ತಿರುಗಾಮುರುಗಾ ಕೊಂಡವರ ಸಾಮಾನೆಲ್ಲ ಈಗ ಅಟ್ಟದ ಮೇಲಿದೆ.

ಹಂತ 2: ಸಾಮಾನು, ಕೊಳ್ಳುವ ಕ್ರಮದಲ್ಲಿ

1. ಗಲ್ಲದ ಪಟ್ಟಿಯಿರುವ ಕ್ಲೈಂಬಿಂಗ್ ಹೆಲ್ಮೆಟ್. ಬೈಕ್ ಹೆಲ್ಮೆಟ್ ಹಾಕಿಕೊಂಡು ಬಂದವರಿದ್ದಾರೆ. ಅದರಲ್ಲಿ ಮೇಲೆ ನೋಡಲೂ ಆಗದು, ಕೂಗಿದ್ದು ಕೇಳಲೂ ಆಗದು.

2. ಹಾರ್ನೆಸ್. ಮರಕ್ಕೆಂದೇ ಮಾಡಿದ, ಸೊಂಟ ಮತ್ತು ತೊಡೆಗೆ ಅಗಲ ಪಟ್ಟಿಯಿರುವುದು ಒಳ್ಳೆಯದು. ಬಂಡೆ ಹತ್ತುವ ಹಾರ್ನೆಸ್ ಅಭ್ಯಾಸಕ್ಕೆ ನಡೆದೀತು, ಗಂಟೆಗಟ್ಟಲೆ ನೇತಾಡಲು ತೊಡೆ ಮರಗಟ್ಟುತ್ತದೆ. ಕಟ್ಟಡ ಕೆಲಸದ, ಬೆನ್ನಲ್ಲಿ ಮಾತ್ರ ಉಂಗುರವಿರುವ ಬೆಲ್ಟ್ ಬೇಡವೇ ಬೇಡ. ಅದು ಬೀಳುವವರನ್ನು ಹಿಡಿಯಲು ಮಾಡಿದ್ದು, ಕೂತು ಕೆಲಸ ಮಾಡಲು ಅಲ್ಲ.

3. ಹಗ್ಗ. ಕಡಿಮೆ ಹಿಗ್ಗುವ ಸೆಮಿ-ಸ್ಟ್ಯಾಟಿಕ್ ಹಗ್ಗ, 11ರಿಂದ 13 ಮಿ.ಮೀ. ದಪ್ಪ, ತುದಿಯ ಪಟ್ಟಿಯಲ್ಲಿ ಇಎನ್ 1891 ಟೈಪ್ ಎ (ಇಂಥ ಹಗ್ಗಗಳ ಯುರೋಪಿನ ಮಾನದಂಡ) ಎಂದಿರಬೇಕು. ಬಂಡೆಗೆ ಬಳಸುವ ಡೈನಾಮಿಕ್ ಹಗ್ಗ ರಬ್ಬರಿನಂತೆ ಹಿಗ್ಗುತ್ತದೆ. ಮೊದಲ ಹತ್ತು ಹೆಜ್ಜೆ ಇದ್ದಲ್ಲೇ ಕುಣಿಯುತ್ತೀರಿ. ಬೋರ್‌ವೆಲ್ ಪಂಪ್ ಇಳಿಬಿಡುವ ಪ್ಲಾಸ್ಟಿಕ್ ಹಗ್ಗ ಎಷ್ಟೇ ದಪ್ಪವಿರಲಿ, ಮನುಷ್ಯರಿಗಲ್ಲ. ಇನ್ನೊಂದು ಮಾತು: ಡಿಸೆಂಡರ್ ಮುಂದೆ ಕೊಳ್ಳುವ ಆಲೋಚನೆಯಿದ್ದರೆ ಅದರ ಮೇಲೆ ಕೆತ್ತಿರುವ ದಪ್ಪವನ್ನು ಈಗಲೇ ನೋಡಿ. 13 ಮಿ.ಮೀ. ಹಗ್ಗ ಕೊಂಡು, ಅದು ಹೋಗದ ಡಿಸೆಂಡರ್ ಕೊಂಡು ಕೂತವರನ್ನು ಬಲ್ಲೆ. ಬಹುಪಾಲು ಜನಕ್ಕೆ 11 ಮಿ.ಮೀ. ಸಾಕು.

ಉದ್ದ ಎಷ್ಟು? ಜೋಡಿ ಹಗ್ಗಕ್ಕೆ ಕವಲಿನ ಎತ್ತರದ ಎರಡು ಪಟ್ಟು, ಮೇಲೆ 5 ಮೀಟರ್. ಒಂಟಿ ಹಗ್ಗವನ್ನು ಬುಡದಲ್ಲಿ ಕಟ್ಟುವುದಾದರೆ ಮೂರು ಪಟ್ಟು. ಯಾಕೆಂದು ಹಂತ 5ರಲ್ಲಿ ಹೇಳುತ್ತೇನೆ.

4. ಲಾಕ್ ಇರುವ ಕ್ಯಾರಬೀನರ್ (ಲೋಹದ ಕೊಂಡಿ) ಐದು. ತೆರೆಯಲು ಮೂರು ಚಲನೆ ಬೇಕಾಗುವ, ತಾನೇ ಮುಚ್ಚುವ ಬಗೆಯೇ ಆಗಲಿ. ತಿರುಪಿನ ಗೇಟು ಕೊಂಬೆಗೆ ಉಜ್ಜಿ ತೆರೆದುಕೊಂಡದ್ದನ್ನು ನೋಡಿದ್ದೇನೆ.

5. ಹಿಡಿಗಂಟಿನ ಹುರಿ: ಮುಖ್ಯ ಹಗ್ಗಕ್ಕಿಂತ 2-3 ಮಿ.ಮೀ. ಸಣ್ಣದು. ಡೈನೀಮಾ ಎಂಬ ಪ್ಲಾಸ್ಟಿಕ್ ನಾರಿನ ಹುರಿ ಬೇಡ. ಅದು ಸುಮಾರು 145 ಡಿಗ್ರಿಗೇ ಕರಗುತ್ತದೆ, ಗಂಟು ಜಾರುವಾಗ ಹುಟ್ಟುವ ಬಿಸಿ ಅದಕ್ಕೆ ಆಗಿಬರುವುದಿಲ್ಲ. ಇದ್ದರೆ ಬಿಸಿ ತಾಳುವ ಅರಾಮಿಡ್ ನಾರಿನ ಹೊದಿಕೆಯದು.

6. 3 ಮೀಟರಿನ ಲ್ಯಾನ್ಯಾರ್ಡ್ (ಕಾಂಡಕ್ಕೆ ಸುತ್ತಿ ಹಾರ್ನೆಸ್‌ಗೆ ಹಾಕುವ ತುಂಡು ಹಗ್ಗ), ಫ್ರಿಕ್ಷನ್ ಸೇವರ್, ಥ್ರೋ ಲೈನ್ (ಹಗ್ಗವನ್ನು ಮೇಲೆಳೆಯುವ ತೆಳು ದಾರ), ಅದರ ತುದಿಗೆ ಕಟ್ಟಿ ಎಸೆಯುವ 300-400 ಗ್ರಾಂ ತೂಕದ ಥ್ರೋ ಬ್ಯಾಗ್.

7. ಡಿಸೆಂಡರ್. ಅದಾದ ಮೇಲೆಯೇ ಜುಮಾರ್ ಮತ್ತು ಎದೆಯ ಕ್ಲ್ಯಾಂಪ್.

ಹಗ್ಗ ಇಡುವ ಜಾಗದ ಬಗ್ಗೆ ನನ್ನದೇ ಪೆದ್ದುತನವೊಂದಿದೆ. ಮೊದಲ ಹಗ್ಗವನ್ನು ಮನೆಯ ಯುಟಿಲಿಟಿಯಲ್ಲಿ, ಇನ್ವರ್ಟರ್ ಬ್ಯಾಟರಿಯ ಪಕ್ಕ ಸುತ್ತಿಟ್ಟಿದ್ದೆ. ಬ್ಯಾಟರಿಯ ಆಸಿಡ್ ನೈಲಾನನ್ನು ತಿನ್ನುತ್ತದೆ. ತಿಂದದ್ದು ಕಣ್ಣಿಗೆ ಕಾಣಲೇಬೇಕೆಂದಿಲ್ಲ. ನೋಡಲು ಹೊಸದರಂತಿದ್ದ ಹಗ್ಗವನ್ನು ಕತ್ತರಿಸಿ ಎಸೆಯಬೇಕಾಯಿತು.

ಹಂತ 3: ಹತ್ತು ನಿಮಿಷ ಮರ ನೋಡಿ

ದೂರದಿಂದ ಶುರುಮಾಡಿ. ನೆತ್ತಿ ಒಣಗಿದೆಯೇ? ಹತ್ತಿರದಲ್ಲಿ ವಿದ್ಯುತ್ ತಂತಿ ಇದೆಯೇ? ಕೊಂಬೆ, ಹಗ್ಗ, ನೀವು, ಯಾವುದೂ ತಂತಿಯಿಂದ 3 ಮೀಟರ್ ಒಳಗೆ ಬರುವಂತಿದ್ದರೆ ಆ ಮರವನ್ನು ಬಿಟ್ಟುಬಿಡಿ. ಬೆಂಗಳೂರಿನ ಬೀದಿಮರಗಳಲ್ಲಿ ಹೆಚ್ಚಿನವು ಇಲ್ಲಿಗೇ ಪಟ್ಟಿಯಿಂದ ಹೊರಬೀಳುತ್ತವೆ, ಬೀಳಲಿ.

ಆಮೇಲೆ ಬುಡ. ಚರಂಡಿಗೋ ಕೇಬಲ್ಲಿಗೋ ರಸ್ತೆಗೆ ಕಾಂಕ್ರೀಟ್ ಹಾಕುವ ವೈಟ್ ಟಾಪಿಂಗ್‌ಗೋ ಒಂದು ಕಡೆ ಅಗೆದು ಬೇರು ಕತ್ತರಿಸಿದ ಮರ ಮೇಲೆ ಹಸಿರಾಗಿಯೇ ಇರುತ್ತದೆ, ನಿಂತಿರುವುದು ಒಂದೇ ಕಾಲಲ್ಲಿ. ಬುಡದ ಸುತ್ತ ಮಣ್ಣು ಬಿರುಕು ಬಿಟ್ಟಿದ್ದರೆ, ಒಂದು ಬದಿ ಎದ್ದಿದ್ದರೆ, ಕಾಂಡದಲ್ಲಿ ಅಣಬೆ ಮೂಡಿದ್ದರೆ, ಮರದ ಸುತ್ತಿಗೆಯಿಂದ ತಟ್ಟಿದಾಗ ಡೊಳ್ಳಿನಂತೆ ಟೊಳ್ಳು ಸದ್ದು ಬಂದರೆ ಹತ್ತಬೇಡಿ.

ಜಾತಿಯೂ ಮುಖ್ಯ. ಮಾವು, ಹುಣಸೆ, ಬೇವುಗಳ ಹಸಿ ಕೊಂಬೆಯನ್ನು ನಾನು ನಂಬುತ್ತೇನೆ. ಗುಲ್‌ಮೊಹರ್, ಸಿಲ್ವರ್ ಓಕ್, ನುಗ್ಗೆ ನಂಬಿಕಸ್ಥರಲ್ಲ. ಬಾಗುವ ಸೂಚನೆಯನ್ನೂ ಕೊಡದೆ ಮುರಿಯುತ್ತವೆ. ಗಟ್ಟಿ ಜಾತಿಯಲ್ಲಿ ಹಗ್ಗ ಕೂರುವ ಕೊಂಬೆ ಕಡಿಮೆಯೆಂದರೆ 10 ಸೆಂ.ಮೀ. ದಪ್ಪ ಇರಲಿ, ಮಳೆಮರದಲ್ಲಿ ನಾನು 15ಕ್ಕಿಂತ ಕೆಳಗೆ ಒಪ್ಪುವುದಿಲ್ಲ. ಬಂದಳಿಕೆ ಹಿಡಿದ ಕೊಂಬೆ ಬೇಡ.

ಕೊನೆಗೆ ಜೇನು. ಬೈನಾಕ್ಯುಲರ್ ಹಿಡಿದು ಇಡೀ ಮರ ಸುತ್ತಿ ನೋಡಿ. ಹೆಜ್ಜೇನಿನ ಗೂಡು ಕೊಂಬೆಯ ಅಡಿಯಲ್ಲಿ ಕಪ್ಪು ಬಟ್ಟೆಯಂತೆ ತೂಗುತ್ತಿದ್ದರೆ ಆ ಮರ ಮಾತ್ರವಲ್ಲ, ಪಕ್ಕದ ಮರವೂ ಬೇಡ. ಹಗ್ಗದಲ್ಲಿ ನೇತಾಡುವವರಿಗೆ ಓಡಲು ದಾರಿಯಿಲ್ಲ. ಮಾವಿನಲ್ಲಿ ಚಗಳಿ ಇರುವೆಯ ಎಲೆಗೂಡು ಇದ್ದರೆ ಜೀವಕ್ಕೆ ಅಪಾಯವಿಲ್ಲ, ಆದರೆ ಗಂಟು ಬಿಗಿಯುವ ಹೊತ್ತಲ್ಲಿ ಕತ್ತಿಗೆ ಕಚ್ಚಿದರೆ ಗಂಟು ತಪ್ಪುತ್ತದೆ.

ಮರದ ಒಡೆಯರ ಒಪ್ಪಿಗೆ ಬೇಕು. ಸಾರ್ವಜನಿಕ ಉದ್ಯಾನದ ಮರಗಳನ್ನು ಮುಟ್ಟಬೇಡಿ. ಮರ ಕಡಿಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ ಮರ ಅಧಿಕಾರಿಯ ಅನುಮತಿ ಬೇಕು, ನಿಮ್ಮದೇ ಹಿತ್ತಲಾದರೂ.

ಹಂತ 4: ಹಗ್ಗವನ್ನು ಮೇಲೆ ಕಳಿಸುವುದು

ಥ್ರೋ ಲೈನನ್ನು ನೆಲದ ಮೇಲೆ ಹುಲ್ಲಲ್ಲಿ ಸುರಿಯಬೇಡಿ. ಬಕೆಟ್‌ನಲ್ಲೋ ಮಡಚುವ ಡಬ್ಬದಲ್ಲೋ ತುಂಬಿ. ಬ್ಯಾಗನ್ನು ಕಾಲುಗಳ ನಡುವೆ ತೂಗಿ ಎರಡು ಸಲ ಜೀಕಿ ಬಿಡಿ. ಸರಿಯಾದ ಕವಲಿಗೆ ಬೀಳದಿದ್ದರೆ ಜೋರಾಗಿ ಜಗ್ಗಬೇಡಿ. ಸಿಕ್ಕಿಕೊಂಡ 300 ಗ್ರಾಂ ಬ್ಯಾಗ್ ಬಿಡಿಸಿಕೊಂಡಾಗ ಕಲ್ಲಿನಂತೆ ಮುಖಕ್ಕೇ ಬರುತ್ತದೆ.

ಜೋಡಿ ಹಗ್ಗಕ್ಕೆ ಎರಡೂ ಎಳೆಗಳ ನಡುವೆ ಬೇರೆ ಯಾವ ಕೊಂಬೆಯೂ ಇರಕೂಡದು. ಇದ್ದರೆ ಹಗ್ಗ ಸರಿಯುವುದಿಲ್ಲ. ಲೈನ್ ಸರಿ ಕೂತ ಮೇಲೆ ಅದಕ್ಕೆ ಹಗ್ಗ ಕಟ್ಟಿ ಎಳೆದುಕೊಳ್ಳಿ.

ಈಗ ಭಾರದ ಪರೀಕ್ಷೆ. ಇಬ್ಬರು ಹೆಲ್ಮೆಟ್ ಹಾಕಿಕೊಂಡು ಹಗ್ಗಕ್ಕೆ ಜೋತುಬಿದ್ದು ಜಗ್ಗಿ, ಮೂರನೆಯವರು ದೂರದಿಂದ ಕವಲನ್ನೇ ನೋಡುತ್ತಿರಲಿ. ಚಟ್ ಎಂಬ ಸಣ್ಣ ಸದ್ದು ಕೇಳಿದರೂ ಬೇರೆ ಕವಲು ಹುಡುಕಿ.

ಹಂತ 5: ಕಟ್ಟುವುದು ಬುಡದಲ್ಲೋ ಮೇಲೋ

ಇದು ಒಂಟಿ ಹಗ್ಗದವರಿಗೆ ಮಾತ್ರ. ಹಗ್ಗವನ್ನು ಕವಲಿನ ಮೇಲೆ ದಾಟಿಸಿ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟಬಹುದು, ಇಲ್ಲವೇ ರನ್ನಿಂಗ್ ಬೋಲೈನ್ ಎಂಬ, ಎಳೆದರೆ ಬಿಗಿಯುವ ಕುಣಿಕೆ ಮಾಡಿ ಕವಲಿಗೇ ಬಿಗಿಯಬಹುದು.

ಬುಡದಲ್ಲಿ ಕಟ್ಟಿದರೆ ಕವಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಇಮ್ಮಡಿ. 80 ಕೆ.ಜಿ. ಮನುಷ್ಯ ಏರುವಾಗ ಕೊಂಬೆ ಹೊರುವುದು ಸುಮಾರು 160 ಕೆ.ಜಿ., ಯಾಕೆಂದರೆ ಆಚೆ ಬದಿಯ ಹಗ್ಗವೂ ಅಷ್ಟೇ ಬಲದಿಂದ ಕೆಳಗೆ ಎಳೆಯುತ್ತಿರುತ್ತದೆ. ಮೇಲೆಯೇ ಬಿಗಿದರೆ ಈ ಇಮ್ಮಡಿಯಿಲ್ಲ. ಹಾಗಿದ್ದೂ ನಾನು ಹೊಸಬರಿಗೆ ಬುಡದ ಕಟ್ಟನ್ನೇ ಹೇಳುತ್ತೇನೆ, ಒಂದು ಷರತ್ತಿನ ಮೇಲೆ: ಬುಡದಲ್ಲಿ ಬರಿಯ ಗಂಟು ಹಾಕದೆ ಒಂದು ಡಿಸೆಂಡರ್ ಕೂರಿಸಿ, ಅದರ ಹಿಂದೆ ಹಗ್ಗ ಉಳಿದಿರಬೇಕು. ಮೇಲಿದ್ದವರಿಗೆ ತಲೆಸುತ್ತು ಬಂದರೆ ಕೆಳಗಿನವರು ಅಲ್ಲಿಂದಲೇ ಅವರನ್ನು ಇಳಿಸಬಹುದು. ಹಗ್ಗ ಮೂರು ಪಟ್ಟು ಬೇಕೆಂದದ್ದು ಇದಕ್ಕೇ: ಹೋಗಲು ಒಂದು, ಬರಲು ಒಂದು, ಇಳಿಸಲು ಒಂದು.

ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. 108ಕ್ಕೋ 112ಕ್ಕೋ ಕರೆ ಮಾಡಲೇಬೇಕು, ಆದರೆ ಆ ಗಾಡಿ ಬರುವವರೆಗೆ ಕಾಯುವ ಹಾಗಿಲ್ಲ.

ಹಂತ 6: ನೆಲದಿಂದ ಒಂದು ಮೀಟರ್ ಮೇಲೆ, ಇಪ್ಪತ್ತು ಸಲ

ಇಡೀ ಬರಹದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಜೋಡಿ ಹಗ್ಗದವರು ಬ್ಲೇಕ್ಸ್ ಹಿಚ್ ಕಲಿಯಿರಿ. ಹುರಿಯನ್ನು ಹಗ್ಗಕ್ಕೆ ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು ಹಾಕಿ. ಕೆಳಗಿನ ಎರಡು ಸುತ್ತನ್ನು ಹೆಬ್ಬೆರಳಿನ ಮೇಲೂ ಹಾಯಿಸಿ ಸಡಿಲ ಇಡಿ. ತುದಿಯನ್ನು ಕೆಳಗೆ ತಂದು, ನಿಮ್ಮ ಹಾರ್ನೆಸ್‌ನಿಂದ ಬರುವ ಎಳೆಯ ಮುಂದಿನಿಂದ ದಾಟಿಸಿ, ಮುಖ್ಯ ಹಗ್ಗದ ಹಿಂದಿನಿಂದ ಸುತ್ತಿ, ಹೆಬ್ಬೆರಳಿದ್ದ ಜಾಗದಲ್ಲಿ ಆ ಎರಡು ಸುತ್ತಿನ ಅಡಿಯಿಂದ ಹೊರತೆಗೆಯಿರಿ. ತುದಿಗೆ ತಡೆಗಂಟು ಕಡ್ಡಾಯ. ಮುಂದಿನಿಂದ ದಾಟಿಸುವುದನ್ನು ಮರೆತರೆ ನೋಡಲು ಅದೇ ಗಂಟು, ಭಾರ ಬಿದ್ದಾಗ ಬಿಚ್ಚಿ ಜಾರುತ್ತದೆ. ಹೊಸಬರು ಕಟ್ಟಿದ್ದನ್ನು ನಾನು ಕೈಯಿಂದ ಮುಟ್ಟಿ ನೋಡದೆ ಬಿಡುವುದಿಲ್ಲ.

ಫ್ರಾಗ್‌ನವರು ಏರುವುದರಿಂದ ಇಳಿಯುವುದಕ್ಕೆ ಬದಲಾಗುವ ಕ್ರಮವನ್ನು ಬಾಯಿಪಾಠ ಮಾಡಿ:

1. ಕೈಯ ಜುಮಾರ್ ಮುಖದ ಮಟ್ಟಕ್ಕಿಂತ ಮೇಲೆ ಹೋಗದಂತೆ ನಿಲ್ಲಿ. ಕೊಂಬೆಗೆ ತಲೆ ತಾಗುವವರೆಗೆ ಏರಬೇಡಿ.

2. ಜುಮಾರ್‌ನಿಂದ ಹಾರ್ನೆಸ್‌ಗೆ ಸ್ಲಿಂಗ್ (ಜೋಡಿಸುವ ಪಟ್ಟಿ) ಹಾಕಿದೆಯೇ, ಕ್ಯಾರಬೀನರ್ ಮುಚ್ಚಿದೆಯೇ ನೋಡಿ. ಕಾಂಡ ಕೈಗೆ ಸಿಕ್ಕರೆ ಲ್ಯಾನ್ಯಾರ್ಡನ್ನೂ ಸುತ್ತಿ ಹಾಕಿಕೊಳ್ಳಿ.

3. ಎದೆಯ ಕ್ಲ್ಯಾಂಪ್‌ನ ಕೆಳಗಿನ ಹಗ್ಗವನ್ನು ಡಿಸೆಂಡರ್‌ಗೆ ಹಾಕಿ. ಸಡಿಲವನ್ನೆಲ್ಲ ಎಳೆದು ಅದನ್ನು ಕ್ಲ್ಯಾಂಪ್‌ಗೆ ತಾಗುವಷ್ಟು ಹತ್ತಿರ ತಂದು ಹಿಡಿಯನ್ನು ಲಾಕ್ ಮಾಡಿ.

4. ಕಾಲುಕುಣಿಕೆಯಲ್ಲಿ ಎದ್ದು ನಿಲ್ಲಿ, ಸೊಂಟ ಹಗ್ಗಕ್ಕೆ ಅಂಟಿಕೊಂಡಿರಲಿ. ಕ್ಲ್ಯಾಂಪ್ ಕೂದಲೆಳೆಯಷ್ಟು ಮೇಲೆ ಸರಿದರೆ ಬಾಯಿ ತೆರೆಯುತ್ತದೆ. ಹಗ್ಗ ಹೊರತೆಗೆಯಿರಿ.

5. ಮೆಲ್ಲಗೆ ಕೂರಿ. ಭಾರ ಡಿಸೆಂಡರ್ ಮೇಲೆ ಬಂತೇ? ಅಲ್ಲಿಯವರೆಗೆ ಜುಮಾರ್ ಮುಟ್ಟಬೇಡಿ.

6. ಜುಮಾರ್ ತೆಗೆದು ಸೊಂಟಕ್ಕೆ ಹಾಕಿ. ಒಂದು ಕೈ ಕೆಳಗಿನ ಹಗ್ಗವನ್ನು ಹಿಡಿದಿರಲಿ, ಆಮೇಲೆ ಹಿಡಿ ಎಳೆಯಿರಿ.

ಹತ್ತರಲ್ಲಿ ಒಂಬತ್ತು ಮಂದಿ ಸಿಕ್ಕಿಕೊಳ್ಳುವುದು ಐದನೆಯದರಲ್ಲಿ. ಜುಮಾರ್ ತೀರ ಮೇಲಿದ್ದರೆ, ಕೂರುವಾಗ ಡಿಸೆಂಡರ್ ಭಾರ ಹೊರುವ ಮೊದಲೇ ಸ್ಲಿಂಗ್ ಬಿಗಿಯಾಗುತ್ತದೆ. ಜುಮಾರ್‌ಗೆ ಜೋತುಬಿದ್ದು, ಕಾಲು ಬಡಿಯುತ್ತ, ಬೆವರುತ್ತ ಇರುತ್ತೀರಿ. ಪರಿಹಾರ: ಮತ್ತೆ ಕಾಲುಕುಣಿಕೆಯಲ್ಲಿ ನಿಂತು, ಡಿಸೆಂಡರ್‌ನ ಸಡಿಲವನ್ನು ಇನ್ನಷ್ಟು ಎಳೆದುಕೊಂಡು ಕೂರಿ. ಆಗಲೂ ಆಗದಿದ್ದರೆ ಕ್ಲ್ಯಾಂಪನ್ನು ಮತ್ತೆ ಹಗ್ಗಕ್ಕೆ ಹಾಕಿ ಕೂತು, ಭಾರವಿಲ್ಲದ ಜುಮಾರನ್ನು ಒಂದು ಗೇಣು ಕೆಳಗಿಳಿಸಿ ಮೊದಲಿನಿಂದ ಮಾಡಿ. ಚಾಕು ತೆಗೆಯುವ ಯೋಚನೆಯನ್ನೇ ಮಾಡಬೇಡಿ. ಬಿಗಿದ ಹಗ್ಗಕ್ಕೆ ಅಲಗು ತಾಗಿದರೆ ಸಾಕು.

ಒಂದು ಮೀಟರ್ ಎತ್ತರದಲ್ಲಿ ಇದು ಇಪ್ಪತ್ತು ಸಲ ಆಗಬೇಕು, ಕೊನೆಯ ಐದು ಸಲ ಕೈಗವಸು ಹಾಕಿಕೊಂಡು, ಯಾರೂ ಹೇಳಿಕೊಡದೆ. ಆದ ಮೇಲೆ ಮೂರು ಮೀಟರ್.

ಹಂತ 7: ಏರುವುದು

ಬೆಳಗ್ಗೆ 7ರಿಂದ 10 ಒಳ್ಳೆಯ ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಹತ್ತಬೇಡಿ. ಗಾಳಿಮಳೆ ಹೇಳಿ ಬರುವುದಿಲ್ಲ.

ಒಬ್ಬರು ಇನ್ನೊಬ್ಬರ ಬಕಲ್, ಗಂಟು, ಗೇಟು ಮುಟ್ಟಿ ನೋಡಲಿ. ಏರುವಾಗ ಹಿಡಿಗಂಟಿನ ಮೇಲೆ ಹಗ್ಗ ಯಾವತ್ತೂ ಬಿಗಿಯಾಗಿಯೇ ಇರಬೇಕು. ಹಲ್ಲಿರುವ ಅಸೆಂಡರ್ ಮೇಲೆ ಬಿದ್ದರೆ ಹಲ್ಲು ಹಗ್ಗದ ಹೊದಿಕೆಯನ್ನೇ ಸೀಳಬಲ್ಲದು, ಅದಕ್ಕೆ ದೊಡ್ಡ ಬೀಳುವಿಕೆಯೇನೂ ಬೇಕಿಲ್ಲ. ಹಗ್ಗ ಕೂತಿರುವ ಕವಲಿಗಿಂತ ಮೇಲೆ ಹೋಗಬೇಡಿ. ಒಂದು ಕವಲಿನಿಂದ ಇನ್ನೊಂದಕ್ಕೆ ದಾಟುವಾಗ ಲ್ಯಾನ್ಯಾರ್ಡ್ ಹಾಕಿಕೊಂಡ ಮೇಲೆಯೇ ಮುಖ್ಯ ಹಗ್ಗ ಬಿಡಿ. ಗರಗಸ ಹಿಡಿಯುವುದು ಬೇರೆಯೇ ವಿದ್ಯೆ, ಇಲ್ಲಿ ಬೇಡ.

ನಿಲ್ಲಿಸಬೇಕಾದ ಸೂಚನೆಗಳು: ಬೆರಳು ಮರಗಟ್ಟುವುದು, ತೊಡೆ ಜೋಮು ಹಿಡಿಯುವುದು, ಗಂಟು ಎರಡು ಸಲ ತಾನಾಗಿ ಜಾರುವುದು, ಗಂಟಿನ ಹುರಿ ಹೊಳಪೇರಿ ಗಾಜಿನಂತಾಗುವುದು, ಕೆಳಗಿನವರ ಕೂಗಿಗೆ ನೀವು ಉತ್ತರಿಸಲು ಮರೆಯುವುದು. ಕೊನೆಯದು ಸುಸ್ತಿನ ಮೊದಲ ಗುರುತು, ಹತ್ತುವವರಿಗಿಂತ ಮುಂಚೆ ಕೆಳಗೆ ನಿಂತವರಿಗೇ ಗೊತ್ತಾಗುತ್ತದೆ.

ಹಂತ 8: ಇಳಿದು ಹಗ್ಗ ತೆಗೆಯುವುದು

ಸಿನಿಮಾದಂತೆ ಜರ್‍ರನೆ ಇಳಿಯಬೇಡಿ, ನಡೆಯುವ ವೇಗ ಸಾಕು. ಬಿಸಿಯಾದ ಡಿಸೆಂಡರ್ ಒಂದೇ ಕಡೆ ನಿಂತರೆ ಹಗ್ಗದ ಹೊದಿಕೆ ಸುಡಬಹುದು.

ಹಗ್ಗ ಎಳೆಯುವ ಮೊದಲು ತುದಿಯಲ್ಲಿ ಗಂಟು ಉಳಿದಿಲ್ಲವೆಂದು ನೋಡಿ. ತಡೆಗಂಟು ಬಿಚ್ಚದೆ ಎಳೆದು ಕವಲಿಗೆ ಸಿಕ್ಕಿಸಿ, ಮತ್ತೆ ಥ್ರೋ ಬ್ಯಾಗ್ ಎಸೆಯುತ್ತ ಮಧ್ಯಾಹ್ನ ಕಳೆದವರು ನಮ್ಮಲ್ಲಿ ಬೇಕಾದಷ್ಟು. ಫ್ರಿಕ್ಷನ್ ಸೇವರ್ ತೆಗೆಯಲು ಸಣ್ಣ ಉಂಗುರಕ್ಕೆ ಸಿಕ್ಕಿಕೊಳ್ಳುವಂಥ ಸಣ್ಣ ಗಂಟನ್ನು ದೊಡ್ಡ ಉಂಗುರದ ಕಡೆಯ ತುದಿಗೆ ಹಾಕಿ ಇನ್ನೊಂದು ತುದಿಯನ್ನು ಎಳೆಯಬೇಕು. ಸಣ್ಣ ಉಂಗುರದ ಕಡೆಯ ತುದಿಗೆ ಹಾಕಿದರೆ ಪಟ್ಟಿ ಮೇಲೆಯೇ ಉಳಿಯುತ್ತದೆ, ಅದಕ್ಕಾಗಿ ಮತ್ತೊಮ್ಮೆ ಹತ್ತಬೇಕು. ನೆಲದಲ್ಲಿ ಒಮ್ಮೆ ಮಾಡಿ ನೋಡಿಕೊಂಡರೆ ಎರಡು ನಿಮಿಷದ ಕೆಲಸ.

ಹಗ್ಗವನ್ನು ಚೀಲಕ್ಕೆ ತುಂಬುವಾಗ ಬೆರಳುಗಳ ನಡುವೆ ಹಾಯಿಸುತ್ತ ಪೂರ್ತಿ ಉದ್ದ ತಡವಿ. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಉಬ್ಬು, ಎಲ್ಲೋ ಬಿಳಿ ತಿರುಳು ಇಣುಕಿದಂತೆ, ಇವುಗಳಲ್ಲಿ ಯಾವುದು ಸಿಕ್ಕರೂ ಅಲ್ಲಿಗೆ ಕತ್ತರಿ ಹಾಕಿ. ಉಳಿದ ತುಂಡು ಚಿಕ್ಕ ಮರಕ್ಕೆ ಬಂದೀತು. ರಸ್ತೆ ಧೂಳು ಹೆಚ್ಚಾಗಿದ್ದರೆ ತಣ್ಣೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ, ತಾರಸಿಯ ಬಿಸಿಲಲ್ಲಿ ಅಲ್ಲ. ಬ್ಯಾಟರಿಯ ಪಕ್ಕವಂತೂ ಅಲ್ಲವೇ ಅಲ್ಲ.